ಹೇನು, ಸೀರಣಿಗೆ, ನಾಚಿಕೆ

ಭಾನುವಾರದ ಬೆಳಗಿನ ಕಾಫಿಯ ಹೊತ್ತಿಗೆ ಇಂಥ ವಿಷಯವನ್ನೆತ್ತಿದನಲ್ಲಾ ಎಂದು ವಾಚಕರು ಮೂಗು ಮುರಿದಾರು. ಮುರಿಯಲಿ. ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುವ ಹೆಣ್ಣುಮಗುವೊಂದು ಮನೆಯಲ್ಲಿದ್ದರೆ, ಹೇನು ಎಂಬ ಜಂತು ಇಂದಲ್ಲ ನಾಳೆ ಆ ಮನೆಯ ಹೊಸ್ತಿಲು ದಾಟುವ ಸಂಭವ ಇದ್ದೇ ಇದೆ. ಅದು ದಾಟಿದ ದಿನ ನಡೆಯುವ ಪ್ರಹಸನವನ್ನು ನಾನು ಹಲವು ಸಂಸಾರಗಳಲ್ಲಿ ಕಂಡಿದ್ದೇನೆ. ತಾಯಿ ಮೊದಲು ಬೀದಿಬಾಗಿಲು ಹಾಕುತ್ತಾಳೆ, ಆಮೇಲೆ ತಗ್ಗಿದ ದನಿಯಲ್ಲಿ "ಯಾರ ಪಕ್ಕ ಕೂತಿದ್ದೆಯೇ?" ಎಂದು ವಿಚಾರಣೆ ಶುರುಮಾಡುತ್ತಾಳೆ, ತಂದೆ ಪತ್ರಿಕೆಯನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖ ಮುಚ್ಚಿಕೊಳ್ಳುತ್ತಾನೆ, ಮಗು ಏನೋ ಕದ್ದು ಸಿಕ್ಕಿಬಿದ್ದಂತೆ ಅಳುಮೋರೆ ಮಾಡಿಕೊಂಡು ನಿಲ್ಲುತ್ತದೆ. ಜ್ವರ ಬಂದರೆ ಹತ್ತು ಮನೆಗೆ ಹೇಳಿಕೊಂಡು ಬರುವ ನಾವು ಹೇನು ಬಂದರೆ ಮಾತ್ರ ಬಾಯಿ ಬಿಡುವುದಿಲ್ಲ. ಈ ನಾಚಿಕೆ ಎಲ್ಲಿಂದ ಬಂತು ಎಂಬ ಕುತೂಹಲದಿಂದ ಹಳೆಯ ಗ್ರಂಥಗಳನ್ನೂ ಹೊಸ ವರದಿಗಳನ್ನೂ ತಿರುವಿಹಾಕಿದಾಗ ತಿಳಿದುಬಂದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲಿಗೆ ಹೆಸರು. ಹಳಗನ್ನಡದಲ್ಲಿ ಇದು ಪೇನ್. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪೇನ್ ಹೇನಾಯಿತು. ತಮಿಳು, ಮಲಯಾಳ, ತೆಲುಗು, ತುಳು ಭಾಷೆಗಳಲ್ಲಿ ಆ ಪಕಾರ ಇಂದಿಗೂ ಉಳಿದಿದೆ. ನಾವು ಸೀರು ಎನ್ನುವ ಅದರ ಮೊಟ್ಟೆಗೆ ತಮಿಳರೂ ಮಲಯಾಳಿಗಳೂ ಈರ್ ಎನ್ನುತ್ತಾರೆ. ಈ ಭಾಷೆಗಳೆಲ್ಲ ಒಂದೇ ಮನೆಯಲ್ಲಿದ್ದ ಕಾಲದಲ್ಲಿ ಈ ಜಂತುವೂ ಅದೇ ಮನೆಯಲ್ಲಿತ್ತು. ಪಾಲು ಹಂಚಿಕೊಂಡು ಬೇರೆಯಾದಾಗ ಒಬ್ಬೊಬ್ಬರೂ ತಮ್ಮ ಪಾಲಿನ ಹೇನನ್ನು ಹೆಸರುಸಹಿತ ಹೊತ್ತುಕೊಂಡು ಹೋದರು ಎಂದಾಯಿತು. ತಲೆಯಲ್ಲಿರುವುದು ಹೇನು, ಉಟ್ಟ ಬಟ್ಟೆಯ ಹೊಲಿಗೆಯಲ್ಲಿ ಅಡಗುವುದು ಕೂರೆ ಎಂದು ನಮ್ಮ ಹಿರಿಯರು ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದರು. ಈ ಭೇದವನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಸಂಸ್ಕೃತದಲ್ಲಿ ಹೇನು ಯೂಕಾ, ಸೀರು ಲಿಕ್ಷಾ. ಶಾಸ್ತ್ರಕಾರರಿಗೆ ಇವು ಹೇಸಿಗೆಯ ಮಾತುಗಳಾಗಿರಲಿಲ್ಲ, ಅಳತೆಯ ಮಾತುಗಳಾಗಿದ್ದುವು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿ. ಎಂಟು ಲಿಕ್ಷೆ ಸೇರಿದರೆ ಒಂದು ಯೂಕ, ಎಂಟು ಯೂಕ ಸೇರಿದರೆ ಯವೆಯ ಕಾಳಿನ ನಡುವಿನ ದಪ್ಪ, ಅಂಥ ಎಂಟು ಸೇರಿದರೆ ಒಂದು ಅಂಗುಲ. ಅಂಗುಲಕ್ಕೆ ಅರವತ್ತನಾಲ್ಕು ಹೇನು! ಈ ಲೆಕ್ಕದಲ್ಲಿ ಒಂದು ಹೇನು ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲೂ ಆಗುವುದಿಲ್ಲ. ಬೆಳೆದ ಹೇನಿನ ಉದ್ದವಾದರೋ ಎರಡರಿಂದ ಮೂರು ಮಿಲಿಮೀಟರು. ಕೌಟಿಲ್ಯನ ಅಧಿಕಾರಿಗಳು ಬಹಳ ಬಡಕಲು ಹೇನನ್ನು ಹಿಡಿದು ಅಳೆದಿರಬೇಕು. ಮನುಸ್ಮೃತಿಯಲ್ಲಿ ತಾಮ್ರ, ಬೆಳ್ಳಿ, ಚಿನ್ನಗಳ ತೂಕ ಹೇಳುವಲ್ಲಿಯೂ ಲಿಕ್ಷೆ ಬರುತ್ತದೆ. ಮೂರು ಲಿಕ್ಷೆಗೆ ಒಂದು ಕರಿಸಾಸಿವೆ. ಜನರೆಲ್ಲರಿಗೂ ಪರಿಚಿತವಾದ ವಸ್ತುವನ್ನಲ್ಲದೆ ಅಳತೆಗೆ ಯಾರೂ ಆರಿಸಿಕೊಳ್ಳುವುದಿಲ್ಲ. ಸಾಸಿವೆ, ಯವೆಗಳಂತೆ ಹೇನೂ ಸೀರೂ ರಾಜನ ಮನೆಯಿಂದ ಗುಡಿಸಲಿನವರೆಗೆ ಎಲ್ಲರೂ ಬಲ್ಲ ಪದಾರ್ಥಗಳಾಗಿದ್ದುವು.

ಹಾಗಾದರೆ ನಾಚಿಕೆ ಎಲ್ಲಿ ಹುಟ್ಟಿತು? ಅದರ ಬೇರೂ ಅದೇ ಗ್ರಂಥಗಳಲ್ಲಿದೆ ಎಂದು ನನಗೆ ತೋರುತ್ತದೆ. ಪ್ರಾಣಿಗಳನ್ನು ಹುಟ್ಟಿನ ಪ್ರಕಾರ ವಿಂಗಡಿಸುವಾಗ ಮನುಸ್ಮೃತಿ ಸೊಳ್ಳೆ, ನೊಣ, ತಗಣೆಗಳ ಜೊತೆಗೆ ಹೇನನ್ನೂ ಸ್ವೇದಜ ಎಂಬ ಗುಂಪಿಗೆ ಸೇರಿಸಿತು. ಎಂದರೆ ಬೆವರಿನಿಂದ, ಬೆವರಿನ ಕಾವಿನಿಂದ ತಾನೇ ತಾನಾಗಿ ಹುಟ್ಟಿದ್ದು. ಗ್ರೀಸಿನ ಅರಿಸ್ಟಾಟಲನೂ ಇದೇ ಪಕ್ಷ. ಹೇನು ಪ್ರಾಣಿಗಳ ಮಾಂಸದಿಂದಲೇ ಹುಟ್ಟುತ್ತದೆಂದು ಅವನು ಬರೆದ. ಚರಕ ಸಂಹಿತೆಯ ವಿಮಾನಸ್ಥಾನ ಮೈಯ ಹೊರಗಿನ ಕೊಳೆಯಲ್ಲಿ ಹುಟ್ಟುವ ಕ್ರಿಮಿಗಳಲ್ಲಿ ಯೂಕವನ್ನು ಎಣಿಸಿ, ಮೈ ಶುಚಿಮಾಡಿಕೊಳ್ಳದಿರುವುದೇ ಅದಕ್ಕೆ ಕಾರಣವೆಂದಿತು. ಆದರೂ ಚರಕನ ಕಣ್ಣು ಬಹಳ ಚುರುಕು. ಅವು ಎಳ್ಳಿನಾಕಾರದವು, ಹಲವು ಕಾಲಿನವು ಎಂದು ಅಲ್ಲಿದೆ. ಈಗಿನ ವೈದ್ಯರು ತಾಯಂದಿರಿಗೆ ಹಂಚುವ ಹಾಳೆಗಳಲ್ಲಿಯೂ "ಎಳ್ಳಿನಷ್ಟು" ಎಂದೇ ಇರುತ್ತದೆ! ಚಿಕಿತ್ಸೆಗಳಲ್ಲಿ ಮೊದಲನೆಯದಾಗಿ ಚರಕ ಹೇಳುವುದು ಅಪಕರ್ಷಣ, ಕಿತ್ತು ತೆಗೆಯುವುದು. ಕೊಳೆ ತೊಳೆಯುವುದು ಅದರ ನಂತರದ ಮಾತು. ಮುಂದಿನವರು ಈ ಮೊದಲನೆಯದನ್ನು ಮರೆತು ಎರಡನೆಯದನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

ಕಿತ್ತ ಮೇಲೆ ಏನು ಮಾಡಬೇಕು? ನಮ್ಮ ಅಜ್ಜಿಯರಿಗೆ ಈ ಬಗ್ಗೆ ಅನುಮಾನವಿರಲಿಲ್ಲ; ಎರಡು ಹೆಬ್ಬೆರಳ ಉಗುರುಗಳ ನಡುವೆ ಇಟ್ಟು ಕುಕ್ಕುವುದು. 12ನೆಯ ಶತಮಾನದ ಗುಜರಾತಿನಲ್ಲಿ ಹೀಗೆ ಮಾಡಿದ ಒಬ್ಬ ವರ್ತಕನ ಗತಿಯನ್ನು ಮೇರುತುಂಗನ ಪ್ರಬಂಧಚಿಂತಾಮಣಿ ಹೇಳುತ್ತದೆ. ಹೇಮಚಂದ್ರಾಚಾರ್ಯರ ಉಪದೇಶದಿಂದ ಜೈನಧರ್ಮಕ್ಕೆ ಒಲಿದ ಕುಮಾರಪಾಲ ಪ್ರಾಣಿವಧೆಯನ್ನು ನಿಷೇಧಿಸಿದ್ದ. ಈ ವರ್ತಕ ಹೇನೊಂದನ್ನು ಕುಕ್ಕಿದ ಅಪರಾಧಕ್ಕೆ ಅವನ ಸರ್ವಸ್ವವನ್ನೂ ಮುಟ್ಟುಗೋಲು ಹಾಕಿಕೊಂಡು, ಆ ಹಣದಲ್ಲಿ ಯೂಕಾವಿಹಾರವೆಂಬ ಬಸದಿಯನ್ನು ಕಟ್ಟಿಸಲಾಯಿತಂತೆ. ಹೇನಿನ ಹೆಸರಿನಲ್ಲಿ ಬಸದಿ! ನಮ್ಮ ಶ್ರವಣಬೆಳಗೊಳದಲ್ಲಿ ಮುನಿಗಳ ಕೇಶಲೋಚವನ್ನು ಕಂಡವರಿಗೆ ಇದು ತೀರ ವಿಚಿತ್ರವೆನಿಸದು. ಕೂದಲು ಬೆಳೆಸಿದರೆ ಅದರಲ್ಲಿ ಜೀವಿಗಳು ಹುಟ್ಟಿ ಅವುಗಳ ಹಿಂಸೆಯ ಪಾಪ ತಟ್ಟೀತೆಂಬುದು ಆ ಕಠಿಣ ವ್ರತಕ್ಕೆ ಅವರು ಕೊಡುವ ಕಾರಣಗಳಲ್ಲಿ ಒಂದು.

ಹೇನು ಬೆವರಿನಿಂದ ಹುಟ್ಟುವುದಿಲ್ಲವೆಂಬುದು ಗಟ್ಟಿಯಾಗಿ ತಿಳಿದದ್ದು 17ನೆಯ ಶತಮಾನದಲ್ಲಿ. ಲಂಡನ್ನಿನ ರಾಬರ್ಟ್ ಹುಕ್ 1665ರಲ್ಲಿ ಹೊರತಂದ ಮೈಕ್ರೋಗ್ರಾಫಿಯ ಎಂಬ ಗ್ರಂಥದಲ್ಲಿ ಹೇನಿನ ಚಿತ್ರವೊಂದಿದೆ. ಪುಸ್ತಕದ ಪುಟಕ್ಕೆ ಹಿಡಿಸದೆ ಮಡಿಚಿ ಇಟ್ಟಿರುವ ಹಾಳೆ. ಅದನ್ನು ಬಿಡಿಸಿದರೆ ಮನುಷ್ಯನ ಕೂದಲೊಂದನ್ನು ಕೈಯಲ್ಲಿ ಹಿಡಿದುಕೊಂಡ ಹೇನು ಸಮುದ್ರದ ಏಡಿಯ ಗಾತ್ರದಲ್ಲಿ ಎದುರು ನಿಲ್ಲುತ್ತದೆ. ಹೇನು ರಕ್ತ ಹೀರುವುದನ್ನು ನೋಡಬೇಕೆಂದು ಹುಕ್ ತನ್ನ ಕೈಯನ್ನೇ ಅದಕ್ಕೆ ಒಡ್ಡಿದ. ಮೂರು ವರ್ಷಗಳ ನಂತರ ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಂಸದ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ನೊಣ ಒಳಹೊಕ್ಕದಿದ್ದರೆ ಹುಳು ಹುಟ್ಟುವುದಿಲ್ಲವೆಂದು ತೋರಿಸಿಕೊಟ್ಟ. ಹಾಲೆಂಡಿನ ಲೇವನ್‌ಹುಕ್ ಎಂಬ ಜವಳಿ ವ್ಯಾಪಾರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಣ್ಣು ಹೇನುಗಳನ್ನು ತನ್ನ ಕಾಲುಚೀಲದೊಳಗೆ ಬಿಟ್ಟು ಬಿಗಿದುಕೊಂಡು, ಮೊಟ್ಟೆಯಿಟ್ಟು ಮರಿ ಮಾಡುವುದನ್ನು ದಿನ ಎಣಿಸಿ ನೋಡಿದ. ವಿಜ್ಞಾನಕ್ಕಾಗಿ ಪ್ರಾಣ ಕೊಟ್ಟವರ ಕಥೆ ಬೇಕಾದಷ್ಟಿದೆ. ಕಾಲು ಕೊಟ್ಟವನ ಕಥೆ ನನಗೆ ಇದೊಂದೇ ಗೊತ್ತು.

ಇವರಿಂದಲೂ ಇವರ ನಂತರದವರಿಂದಲೂ ತಿಳಿದ ಸಂಗತಿ ಇಷ್ಟು. ಹೇನಿಗೆ ರೆಕ್ಕೆಯಿಲ್ಲ, ಅದು ಹಾರದು, ನೆಗೆಯದು. ಒಂದು ತಲೆ ಇನ್ನೊಂದಕ್ಕೆ ತಾಗಿದಾಗ ಕೂದಲಿನಿಂದ ಕೂದಲಿಗೆ ನಡೆದು ದಾಟುತ್ತದೆ. ತಲೆಯಿಂದ ಕೆಳಗೆ ಬಿದ್ದರೆ ಒಂದೆರಡು ದಿನದಲ್ಲಿ ಹೊಟ್ಟೆಗಿಲ್ಲದೆ ಸಾಯುತ್ತದೆ. ಹೆಣ್ಣು ಒಂದು ತಿಂಗಳಿನಷ್ಟು ಬದುಕಿ ದಿನಕ್ಕೆ ಆರೆಂಟು ಮೊಟ್ಟೆಗಳನ್ನು ಕೂದಲಿನ ಬುಡಕ್ಕೆ ಅಂಟಿಸುತ್ತದೆ. ಏಳರಿಂದ ಹತ್ತು ದಿನಕ್ಕೆ ಮರಿ ಹೊರಬರುತ್ತದೆ. ನೀರಿಗೆ ಅದು ಹೆದರುವುದಿಲ್ಲ, ಕೂದಲನ್ನು ಬಿಗಿಯಾಗಿ ಹಿಡಿದು ಉಸಿರಿನ ರಂಧ್ರಗಳನ್ನು ಮುಚ್ಚಿಕೊಂಡು ಕೂತಿರುತ್ತದೆ. ವಾರಕ್ಕೆರಡು ಸಲ ಸೀಗೆಪುಡಿ ಹಾಕಿ ತಲೆ ತೊಳೆದರೂ ಅದಕ್ಕೆ ಅಭ್ಯಂಜನವಾಗುತ್ತದೆಯೇ ಹೊರತು ಅಪಾಯವಿಲ್ಲ. ಕೊಳಕು ತಲೆ, ಶುಭ್ರ ತಲೆ ಎಂಬ ಭೇದ ಅದಕ್ಕೆ ತಿಳಿಯದು. ಅದಕ್ಕೆ ಬೇಕಾದದ್ದು ಬೆಚ್ಚಗಿನ ನೆತ್ತಿಯೂ ರಕ್ತವೂ. ಹೀಗೆ ಸ್ವೇದಜವೆಂಬ ಸಿದ್ಧಾಂತ ಪುಸ್ತಕಗಳಿಂದ ಹೊರಗೆ ಹೋಯಿತು. ಪುಸ್ತಕ ಬಿಟ್ಟು ಹೊರಟದ್ದು ನೆಟ್ಟಗೆ ಅಡಿಗೆಮನೆಗೂ ಶಾಲೆಗೂ ಬಂದು ಸೇರಿಕೊಂಡಿತು.

ಹಾಗೆಂದು ನಮ್ಮ ಪೂರ್ವಿಕರಿಗೆ ನಿಜವಾದ ಪರಿಹಾರ ತಿಳಿದಿರಲಿಲ್ಲವೆಂದಲ್ಲ. ಇಸ್ರೇಲಿನ ಲಾಖೀಷ್ ಎಂಬ ಪ್ರಾಚೀನ ನಗರದ ದಿಬ್ಬದಲ್ಲಿ 2016ರಲ್ಲಿ ಆನೆಯ ದಂತದ ಒಂದು ಪುಟ್ಟ ಹಣಿಗೆ ಸಿಕ್ಕಿತು; ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಒಂದು ಕಡೆ ಸಿಕ್ಕು ಬಿಡಿಸಲು ಆರು ದಪ್ಪ ಹಲ್ಲುಗಳು, ಇನ್ನೊಂದು ಕಡೆ ಹದಿನಾಲ್ಕು ಸಣ್ಣ ಹಲ್ಲುಗಳು. ನಮ್ಮ ಸೀರಣಿಗೆಯ ಸಾಕ್ಷಾತ್ ಮುತ್ತಜ್ಜಿ. ಐದು ವರ್ಷ ಅದು ಯಾರ ಲಕ್ಷ್ಯಕ್ಕೂ ಬೀಳದೆ ಇತ್ತು. 2021ರ ಕೊನೆಯಲ್ಲಿ ಅದರ ಮೇಲೆ ಹೇನಿನ ಅವಶೇಷ ಹುಡುಕಲು ಹೊರಟವರಿಗೆ ಮೈಮೇಲೆ ಕೊರೆದ ಅಕ್ಷರಗಳು ಕಂಡುವು. ಹದಿನೇಳು ಅಕ್ಷರ, ಏಳು ಮಾತು. ತಲೆಯ ಮತ್ತು ಗಡ್ಡದ ಹೇನನ್ನು ಈ ದಂತ ಬೇರುಸಹಿತ ಕೀಳಲಿ ಎಂಬ ಹಾರೈಕೆ. ಅಕ್ಷರದ ರೀತಿಯಿಂದ ಅದರ ಕಾಲವನ್ನು ಕ್ರಿ.ಪೂ. 1700ರ ಸುಮಾರೆಂದು ಅಂದಾಜು ಮಾಡಿದ್ದಾರೆ. 2022ರಲ್ಲಿ ಈ ಓದು ಪ್ರಕಟವಾದಾಗ ವಿದ್ವಾಂಸರು ಬೆರಗಾದರು, ಏಕೆಂದರೆ ಕಾನಾನ್ ನಾಡಿನ ಆ ಆದಿಕಾಲದ ಅಕ್ಷರಮಾಲೆಯಲ್ಲಿ ಬರೆದ ಒಂದು ಪೂರ್ಣ ವಾಕ್ಯ ಅದುವರೆಗೆ ಅಲ್ಲಿ ಸಿಕ್ಕಿರಲಿಲ್ಲ. ಹಣಿಗೆಯ ಹಲ್ಲಿನ ಸಂದಿಯಲ್ಲಿ ಹೇನಿನ ಮರಿಯೊಂದರ ಪೊರೆಯ ತುಣುಕೂ ಸಿಕ್ಕಿತು, ಹಾರೈಕೆ ವ್ಯರ್ಥವಾಗಲಿಲ್ಲ. ಫಿನೀಷಿಯನ್, ಅರಾಮಿಕ್ ಲಿಪಿಗಳು ಇಳಿದುಬಂದದ್ದು ಈ ಅಕ್ಷರಗಳ ವಂಶದಲ್ಲಿ. ನಮ್ಮ ಬ್ರಾಹ್ಮಿಯೂ, ಅದರ ಮೂಲಕ ಕನ್ನಡ ಲಿಪಿಯೂ ಅದೇ ವಂಶದ ದೂರದ ಕವಲೆಂದು ಹಲವು ಪಂಡಿತರ ಮತ, ಒಪ್ಪದವರೂ ಇದ್ದಾರೆ. ಒಪ್ಪುವುದಾದರೆ, ನಾನೀಗ ಹೇನಿನ ಬಗ್ಗೆ ಬರೆಯುತ್ತಿರುವುದು ಕುಲಾಚಾರಕ್ಕೆ ವಿರುದ್ಧವಾದದ್ದೇನಲ್ಲ.

ಆನೆಯಿಲ್ಲದ ನಾಡಿನಲ್ಲಿ ದಂತದ ಹಣಿಗೆ ಇಟ್ಟುಕೊಂಡವನು ಬಡವನಾಗಿರಲಾರ. ದೊಡ್ಡ ಮನೆಯವನೇ, ಗಡ್ಡದಲ್ಲಿ ಹೇನಿದೆಯೆಂಬುದನ್ನು ದಂತದ ಮೇಲೆ ಕೆತ್ತಿಸಿಕೊಳ್ಳಲು ಅವನಿಗೆ ಸಂಕೋಚವಾಗಲಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ವಠಾರದಲ್ಲಿ ನಾನು ಹುಡುಗನಾಗಿದ್ದಾಗ ಈ ಕೆಲಸಕ್ಕೆ ಗೊತ್ತಾದ ಹೊತ್ತೊಂದಿತ್ತು. ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದು, ನಡುಮನೆ ಸಾರಿಸಿಯಾದ ಮೇಲೆ ಹೆಂಗಸರು ಜಗುಲಿಯ ಬೆಳಕಿನಲ್ಲಿ ಒಬ್ಬರ ಹಿಂದೊಬ್ಬರು ರೈಲುಗಾಡಿಯಂತೆ ಕೂರುತ್ತಿದ್ದರು. ಅಜ್ಜಿಯ ಮುಂದೆ ಅಮ್ಮ, ಅಮ್ಮನ ಮುಂದೆ ಅಕ್ಕ, ಅಕ್ಕನ ಮುಂದೆ ತಂಗಿ. ತೊಡೆಯ ಮೇಲೆ ಹಳೆಯ ಬಿಳಿ ಪಂಚೆಯ ತುಂಡು. "ಬಾರೇ ಇಲ್ಲಿ, ತಲೆ ನೋಡ್ತೀನಿ" ಎಂಬ ಮಾತು ಆಗ ಬೈಗುಳವಲ್ಲ, ಕರೆ. ತಂಗಿ ಮುಖ ಸಿಂಡರಿಸಿದರೆ ಅಜ್ಜಿ, "ಕೂದಲಿದ್ದ ತಲೆಗೆ ತಾನೇ ಹೇನು? ಬೋಳುತಲೆಗೆ ಬರುತ್ತೇನೇ ಪುಟ್ಟಿ?" ಎನ್ನುತ್ತಿದ್ದಳು. ಊರಿನ ಸುದ್ದಿಯೆಲ್ಲ ಆ ಜಗುಲಿಯ ಮೇಲೆ ವಿಲೇವಾರಿಯಾಗುತ್ತಿತ್ತು. ಅದೇ ತಂಗಿಯನ್ನು ಮೂರನೆಯ ತರಗತಿಯಲ್ಲಿ ಹದಿನೈದು ದಿನ ಬಾಗಿಲ ಪಕ್ಕದ ಒಂಟಿ ಮಣೆಯ ಮೇಲೆ ಕೂರಿಸಿದರು. ಶಾಲೆಯ ಹೆಸರು ಬೇಡ. ಪಾಠ ಹೇಳುತ್ತಿದ್ದ ಆ ತಾಯಿ ಕೆಟ್ಟವರಲ್ಲ. ಅವರ ಮನಸ್ಸಿನಲ್ಲಿ ಹೇನೆಂದರೆ ಕೊಳಕು, ಕೊಳಕೆಂದರೆ ತಪ್ಪು, ತಪ್ಪೆಂದರೆ ಶಿಕ್ಷೆ. ತಂಗಿ ಈಗ ಮೊಮ್ಮಕ್ಕಳನ್ನು ಕಂಡಿದ್ದಾಳೆ. ಆ ಮಣೆಯ ಮಾತೆತ್ತಿದರೆ ಇಂದಿಗೂ ಎದ್ದು ಒಳಗೆ ಹೋಗುತ್ತಾಳೆ.

ಒಂಟಿ ಮಣೆಯನ್ನು ಕಾನೂನಿನಿಂದಲೇ ಹಾಕಿಸಿದ ದೇಶವೂ ಉಂಟು. ಬೋಯರ್ ಯುದ್ಧಕ್ಕೆ ಸೇರಲು ಬಂದ ತರುಣರಲ್ಲಿ ಅನೇಕರು ಶರೀರಬಲವಿಲ್ಲದೆ ತಿರಸ್ಕೃತರಾದದ್ದನ್ನು ಕಂಡು ಗಾಬರಿಗೊಂಡ ಇಂಗ್ಲೆಂಡು, 1907ರಲ್ಲಿ ಶಾಲಾಮಕ್ಕಳ ವೈದ್ಯಪರೀಕ್ಷೆಗೆ ಶಾಸನ ಮಾಡಿತು. ಉದ್ದೇಶ ಒಳ್ಳೆಯದೇ. ಮಾರನೆಯ ವರ್ಷದ ಮಕ್ಕಳ ಶಾಸನದಲ್ಲಿ ಹೇನಿರುವ ಮಕ್ಕಳ ವಿಷಯ ಬಂದಿತು: ತಂದೆತಾಯಿಗಳಿಗೆ ನೋಟೀಸು; ಇಪ್ಪತ್ತನಾಲ್ಕು ಗಂಟೆಯೊಳಗೆ ಶುಚಿಮಾಡದಿದ್ದರೆ ಅಧಿಕಾರಿಗಳೇ ಮಗುವನ್ನು ಕರೆದುಕೊಂಡು ಹೋಗಿ ಶುಚಿಮಾಡುವುದು; ಮತ್ತೆ ಅದೇ ಆದರೆ ದಂಡ. ಶಾಲೆಗೆ ಬಂದು ತಲೆ ನೋಡುವ ದಾದಿಗೆ ಮಕ್ಕಳು ಸೀರಿನ ನೋರಾ ಎಂದು ಅಡ್ಡಹೆಸರಿಟ್ಟರು. ದಾದಿಯ ಮುಂದೆ ಸಾಲಾಗಿ ನಿಲ್ಲುವುದು, ಯಾರನ್ನು ಪಕ್ಕಕ್ಕೆ ಕರೆಯುತ್ತಾಳೋ ಎಂದು ಉಳಿದವರು ಕಣ್ಣರಳಿಸುವುದು, ಇದರಲ್ಲಿ ಮೂವತ್ತು ವರ್ಷ ಕಳೆದುವು. ಹೇನು ಕಡಿಮೆಯಾಗುತ್ತಿದೆಯೆಂದು ಶಾಲಾ ವೈದ್ಯರ ವರದಿಗಳು ಸಂತೋಷದಿಂದ ಹೇಳಿಕೊಳ್ಳುತ್ತ ಬಂದುವು.

1939ರ ಸೆಪ್ಟೆಂಬರ್ ಮೊದಲನೆಯ ತಾರೀಕು ಈ ಸಂತೋಷಕ್ಕೆ ಕಲ್ಲು ಬಿದ್ದಿತು. ಜರ್ಮನರ ಬಾಂಬಿಗೆ ಹೆದರಿ ಸರ್ಕಾರ ದೊಡ್ಡ ನಗರಗಳ ಮಕ್ಕಳನ್ನೂ ಎಳೆಗೂಸಿನ ತಾಯಂದಿರನ್ನೂ ಹಳ್ಳಿಗಳಿಗೆ ಸಾಗಿಸತೊಡಗಿತು. ಮೂರೇ ದಿನಗಳಲ್ಲಿ ಸುಮಾರು 15 ಲಕ್ಷ ಜನ. ಕೊರಳಿಗೆ ಹೆಸರಿನ ಚೀಟಿ, ಹೆಗಲಿಗೆ ವಿಷಾನಿಲದ ಮುಖವಾಡದ ಪೆಟ್ಟಿಗೆ ಕಟ್ಟಿಕೊಂಡ ಮಕ್ಕಳನ್ನು ಹಳ್ಳಿಯ ಸಭಾಮಂದಿರದಲ್ಲಿ ಸಾಲಾಗಿ ನಿಲ್ಲಿಸಿದರು. ಮನೆಯವರು ಬಂದು ತಮಗೆ ಹಿಡಿಸಿದ ಮಗುವನ್ನು ಆರಿಸಿಕೊಂಡು ಹೋದರು. ಒಂದು ಮಗುವಿದ್ದರೆ ವಾರಕ್ಕೆ ಹತ್ತೂವರೆ ಷಿಲ್ಲಿಂಗು, ಹೆಚ್ಚು ಮಕ್ಕಳಿದ್ದರೆ ತಲಾ ಎಂಟೂವರೆ, ಸರ್ಕಾರದ ಲೆಕ್ಕ. ಬೇಸಿಗೆಯ ರಜೆ ಆಗತಾನೆ ಮುಗಿಯುತ್ತಿದ್ದುದರಿಂದ ವಾರಗಟ್ಟಲೆ ಆ ತಲೆಗಳನ್ನು ಯಾವ ದಾದಿಯೂ ನೋಡಿರಲಿಲ್ಲ. ಒಂದೆರಡು ದಿನದಲ್ಲೇ ಕೂಗೆದ್ದಿತು. ನಮ್ಮ ಮನೆಗೆ ಹೇನು ತುಂಬಿದ ಮಕ್ಕಳನ್ನು ಕಳಿಸಿದ್ದಾರೆ ಎಂದು ಪತ್ರಿಕೆಗಳಿಗೆ ಕಾಗದಗಳು, ಪಾರ್ಲಿಮೆಂಟಿನಲ್ಲಿ ಚರ್ಚೆ. ಅಪರಿಚಿತ ಊರಿನಲ್ಲಿ, ತಾಯಿಯನ್ನು ಬಿಟ್ಟು ಬಂದ ಮೊದಲನೆಯ ದಿನವೇ ಎಷ್ಟೋ ಮಕ್ಕಳ ತಲೆಗೂದಲನ್ನು ಕತ್ತರಿಸಿಹಾಕಿದರು. ನೆಗಡಿ ಬಂತೆಂದು ಮೂಗು ಕೊಯ್ದರೆ ಕೊಯ್ಯುವವನಿಗೆ ಮೂಗಿನ ಮೇಲಾದರೂ ಸಿಟ್ಟಿರುತ್ತದೆ. ಇಲ್ಲಿ ಸಿಟ್ಟು ಇದ್ದದ್ದು ಮಗುವಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ಊರಿನಲ್ಲಿದ್ದ ಅದರ ತಾಯಿಯ ಮೇಲೆ.

ಶಾಲಾ ವರದಿಗಳು ಸರಿಯಾಗಿದ್ದರೆ ಇಷ್ಟು ಹೇನು ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವನು ಕೆನೆತ್ ಮೆಲನ್‌ಬಿ ಎಂಬ ಕೀಟಶಾಸ್ತ್ರಜ್ಞ. ಅವನು ಶಾಲೆಯ ಲೆಕ್ಕವನ್ನು ಬದಿಗಿಟ್ಟು ಸಾಂಕ್ರಾಮಿಕ ರೋಗದ ಆಸ್ಪತ್ರೆಗಳ ದಾಖಲೆಗಳನ್ನು ತರಿಸಿಕೊಂಡ. ಗಂಟಲಮಾರಿಯೋ ಮತ್ತೊಂದೋ ಬಂದು ಮಗು ಆಸ್ಪತ್ರೆ ಸೇರಿದಾಗ ದಾದಿ ಅದರ ತಲೆಯನ್ನು ಬಿಡುವಾಗಿ ಕೂತು ನೋಡಿ ಬರೆದಿಡುತ್ತಿದ್ದಳು. ಇಂಥ ದಿನ ಪರೀಕ್ಷೆಯಿದೆ ಎಂದು ಮುಂಚೆ ತಿಳಿಸಿ ನೋಡುವ ನೋಟವಲ್ಲ ಅದು. 1941ರಲ್ಲಿ ಅವನು ಪ್ರಕಟಿಸಿದ ಲೆಕ್ಕ ಶಾಲಾ ವರದಿಗಳ ಲೆಕ್ಕವನ್ನು ಎಲ್ಲೋ ಹಿಂದೆ ಹಾಕಿತು: ಕೈಗಾರಿಕಾ ನಗರಗಳ ಚಿಕ್ಕ ಹುಡುಗಿಯರಲ್ಲಿ ಸುಮಾರು ಅರ್ಧ ಮಂದಿಗೆ ಹೇನು. ಇನ್ನೂ ಮುಖ್ಯವಾದದ್ದೆಂದರೆ ಶಾಲೆಯ ಮುಖವನ್ನೇ ಕಾಣದ ಪುಟ್ಟ ಮಕ್ಕಳಲ್ಲೂ ಅದು ಹೇರಳವಾಗಿತ್ತು. ಮೂವತ್ತು ವರ್ಷ ದಾದಿ ನೋಡಿದ್ದು ಶಾಲೆಯ ಬೆಂಚಿನ ಮೇಲಿನ ತಲೆಗಳನ್ನು. ಹೇನು ಇದ್ದದ್ದು ಮನೆಯ ಒಂದೇ ಹಾಸಿಗೆಯಲ್ಲಿ ಒತ್ತಾಗಿ ಮಲಗುವ ನಾಲ್ಕು ತಲೆಗಳಲ್ಲಿ. ಒಂದನ್ನು ಹಿಡಿದು ತೊಳೆದು ಮನೆಗೆ ಕಳಿಸಿದರೆ ಅದೇ ರಾತ್ರಿ ಮಿಕ್ಕ ಮೂರು ಅದನ್ನು ಸ್ವಾಗತಿಸುತ್ತಿದ್ದುವು.

ಸ್ತ್ರೀಯರ ಸಮಿತಿಯೊಂದು 1943ರಲ್ಲಿ ಈ ಮಕ್ಕಳ ಊರುಗಳನ್ನು ಕುರಿತು "ಅವರ್ ಟೌನ್ಸ್" ಎಂಬ ವರದಿಯನ್ನು ಹೊರತಂದಿತು. ಅದರಲ್ಲಿ ತಾಯಂದಿರನ್ನು ಬಯ್ಯುವ ಮಾತುಗಳೂ ಉಂಟು. ಆದರೆ ಕಿಕ್ಕಿರಿದ ಮನೆ, ನೀರಿನ ಕೊರತೆಗಳನ್ನು ಮರೆಮಾಚಿಲ್ಲ. ನಾನಂತೂ ಅದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಒಂದು ತಲೆಯ ಹೇನನ್ನೂ ಸೀರನ್ನೂ ಚೊಕ್ಕಟವಾಗಿ ತೆಗೆಯಲು ಒಂದು ಗಂಟೆಯಾದರೂ ಬೇಕು. ಹಗಲು ಬೆಳಕು ಬೇಕು. ವಾರಕ್ಕೆ ಎರಡು ಸಲದಂತೆ ಹಲವು ಸಲ ಬೇಕು. ಗಿರಣಿಯಿಂದ ಸಂಜೆ ಕತ್ತಲಾದ ಮೇಲೆ ಬಂದು ಐದು ಮಕ್ಕಳಿಗೆ ಅನ್ನ ಬೇಯಿಸುವ ಹೆಂಗಸಿಗೆ ನಮ್ಮ ವಠಾರದ ಆ ಜಗುಲಿಯ ಮಧ್ಯಾಹ್ನ ಎಲ್ಲಿಂದ ಬರಬೇಕು? ಸರ್ಕಾರ ಅವಳಿಗೆ ನೋಟೀಸು ಕೊಟ್ಟಿತು, ದಂಡ ಹಾಕಿತು. ಬಿಡುವನ್ನು ಕೊಡುವ ಶಾಸನ ಯಾವ ದೇಶದಲ್ಲೂ ಆದಂತಿಲ್ಲ.

ಸರ್ಕಾರಗಳ ಕೋಪಕ್ಕೆ ಇನ್ನೊಂದು ಕಾರಣವೂ ಇತ್ತು. ಇಲ್ಲಿ ಕೂರೆಯನ್ನು ನೆನಪಿಸಿಕೊಳ್ಳಬೇಕು. ಟ್ಯೂನಿಸ್ ನಗರದಲ್ಲಿ ಷಾರ್ಲ್ ನಿಕೋಲ್ ಎಂಬ ಫ್ರೆಂಚ್ ವೈದ್ಯ ಒಂದು ವಿಚಿತ್ರವನ್ನು ಗಮನಿಸಿದ: ಟೈಫಸ್ ಜ್ವರದ ರೋಗಿಗಳು ಆಸ್ಪತ್ರೆಯ ಬಾಗಿಲವರೆಗೆ ರೋಗ ಹರಡುತ್ತಾರೆ; ಬಟ್ಟೆ ಕಳಚಿ, ಸ್ನಾನ ಮಾಡಿಸಿ ಒಳಗೆ ಮಲಗಿಸಿದ ಮೇಲೆ ಹರಡುವುದಿಲ್ಲ. ಬಟ್ಟೆಯ ಕೂರೆಯೇ ಅಪರಾಧಿಯೆಂದು 1909ರಲ್ಲಿ ತೋರಿಸಿಕೊಟ್ಟ ಅವನಿಗೆ 1928ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆದರೆ ಇಂಗ್ಲಿಷಿನಲ್ಲಿ ಹೇನಿಗೂ ಕೂರೆಗೂ ಒಂದೇ ಮಾತು. ಕೂರೆಯ ಪಾಪವೆಲ್ಲ ತಲೆಯ ಹೇನಿನ ಕೊರಳಿಗೆ ಬಿದ್ದಿತು, ಹೇನಿನಿಂದ ಅದು ಹೇನಿರುವ ಮನುಷ್ಯನ ಕೊರಳಿಗೆ ಬಿದ್ದಿತು. ಅಮೆರಿಕದ ಗಡಿಯ ಎಲ್ ಪಾಸೊ ಊರಿನಲ್ಲಿ, ದಿನವೂ ಮೆಕ್ಸಿಕೋದಿಂದ ಸೇತುವೆ ದಾಟಿ ಮನೆಗೆಲಸಕ್ಕೆ ಬರುವ ಹೆಂಗಸರನ್ನು ಬೆತ್ತಲೆ ಮಾಡಿ ಪರೀಕ್ಷಿಸಿ, ಹೇನಿದ್ದವರ ಕೂದಲಿಗೆ ಸೀಮೆಎಣ್ಣೆ ಮತ್ತು ವಿನೆಗರ್ ಹಚ್ಚಿಸುವ ಪದ್ಧತಿ ಬಂತು. ಅದಕ್ಕೆ ಮುಂಚಿನ ವರ್ಷ, 1916ರಲ್ಲಿ, ಅದೇ ಊರಿನ ಸೆರೆಮನೆಯಲ್ಲಿ ಇಂಥ ಎಣ್ಣೆಸ್ನಾನದ ವೇಳೆ ಬೆಂಕಿ ಹತ್ತಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸುಟ್ಟು ಸತ್ತಿದ್ದರು. 1917ರ ಜನವರಿ 28ರಂದು ಕಾರ್ಮೆಲಿಟಾ ಟೋರೆಸ್ ಎಂಬ ಹದಿನೇಳು ವರ್ಷದ ಕೆಲಸದ ಹುಡುಗಿ ಟ್ರಾಮಿನಿಂದಿಳಿದು, ನಾನು ಇದಕ್ಕೆ ಒಪ್ಪುವುದಿಲ್ಲ ಎಂದಳು. ನೂರಾರು ಹೆಂಗಸರು ಅವಳ ಜೊತೆ ಸೇರಿ ಸೇತುವೆಯನ್ನೇ ಕಟ್ಟಿದರು. ಯೂರೋಪಿನಲ್ಲಿ ಈ ಕಥೆ ಎಲ್ಲಿಗೆ ಮುಟ್ಟಿತೆಂಬುದನ್ನು ಹೇಳಲು ನಾಲಗೆ ಏಳುವುದಿಲ್ಲ. ಜರ್ಮನರು ಆಕ್ರಮಿಸಿದ್ದ ಪೋಲೆಂಡಿನ ಗೋಡೆಗಳ ಮೇಲೆ 1941ರ ಸುಮಾರಿಗೆ ಅಂಟಿಸಿದ ಭಿತ್ತಿಪತ್ರಗಳಲ್ಲಿ ಯೆಹೂದಿ, ಹೇನು, ಟೈಫಸ್ ಎಂಬ ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿತ್ತು. ಬಟ್ಟೆಯ ಕೂರೆ ಕೊಲ್ಲಲು ಬಳಸುತ್ತಿದ್ದ ವಿಷಾನಿಲವನ್ನೇ ಅವರು ಮನುಷ್ಯರ ಮೇಲೆ ಬಿಟ್ಟರು.

ತಲೆಯ ಹೇನಾದರೋ ಕೆರೆತ ಬಿಟ್ಟರೆ ಮಗುವಿಗೆ ಬೇರೆ ದೊಡ್ಡ ಕೇಡು ಮಾಡುವುದಿಲ್ಲ. ಕೆರೆದು ಗಾಯವಾಗಿ ಕೀವಾಗಬಹುದು, ನಿದ್ದೆ ಕೆಡಬಹುದು, ಅಷ್ಟೆ. ಅದರ ಮೇಲೆ ನಾವು ಹೂಡಿದ ಅಸ್ತ್ರಗಳು ಅದಕ್ಕಿಂತ ಘೋರ. ಸೀಮೆಎಣ್ಣೆಯ ಮಾತು ಹೇಳಿದ್ದಾಯಿತು. ನಮ್ಮ ಮನೆಗಳಲ್ಲೂ ಅದನ್ನು ಹಚ್ಚಿ ಒಲೆಯ ಮುಂದೆ ಕೂತವರುಂಟು. ಸೀತಾಫಲದ ಬೀಜದ ಪುಡಿ ಹೇನನ್ನು ಕೊಲ್ಲುವುದೇನೋ ನಿಜ, ಆದರೆ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪೊರೆಯನ್ನು ಸುಡುತ್ತದೆ. ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ 1939ರಲ್ಲಿ ಡಿ.ಡಿ.ಟಿ.ಯ ಗುಣವನ್ನು ಕಂಡುಹಿಡಿದ. 1943–44ರ ಚಳಿಗಾಲದಲ್ಲಿ ನೇಪಲ್ಸ್ ನಗರದ ಹತ್ತು ಲಕ್ಷಕ್ಕೂ ಹೆಚ್ಚು ಜನರ ಬಟ್ಟೆಯೊಳಗೆ ಆ ಪುಡಿಯನ್ನು ಊದಿ ಟೈಫಸ್ಸನ್ನು ನಿಲ್ಲಿಸಿದರು. ಇನ್ನು ಹೇನಿನ ಕಥೆ ಮುಗಿಯಿತೆಂದೇ ಜಗತ್ತು ನಂಬಿತು. ಹತ್ತು ವರ್ಷ ತುಂಬುವ ಮುಂಚೆಯೇ, ಕೊರಿಯಾ ಯುದ್ಧದ ಹೊತ್ತಿಗೆ, ಕೂರೆಗಳು ಆ ಪುಡಿಯನ್ನು ಜೀರ್ಣಿಸಿಕೊಂಡಿದ್ದುವು. ಅದರ ಹಿಂದೆ ಬಂದ ಲಿಂಡೇನ್, ಮಲಾಥಿಯಾನ್, ಪರ್ಮೆಥ್ರಿನ್‌ಗಳ ಭಾಗ್ಯವೂ ಅನೇಕ ದೇಶಗಳಲ್ಲಿ ಅದೇ ಆಯಿತು.

ಇಷ್ಟೆಲ್ಲ ಆದ ಮೇಲೆ 2005ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂದಿತು. ಹೇನಿದ್ದ ಮಕ್ಕಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಅಂಗಡಿಯಲ್ಲಿ ಸಿಗುವ ಕೀಟನಾಶಕದ ಮದ್ದು. ಇನ್ನೊಂದು ಪಾಲಿಗೆ ಕೂದಲನ್ನು ಒದ್ದೆಮಾಡಿ, ಜಾರುವಂಥ ದ್ರವ ಹಚ್ಚಿ, ಸಣ್ಣ ಹಲ್ಲಿನ ಹಣಿಗೆಯಿಂದ ಕೆಲವು ದಿನಕ್ಕೊಮ್ಮೆ ಬಾಚುವುದು. ಮದ್ದಿನಿಂದ ಹೇನು ಪೂರ್ತಿ ಹೋದದ್ದು ನೂರಕ್ಕೆ 13 ಮಕ್ಕಳಿಗೆ. ಹಣಿಗೆಯಿಂದ 57 ಮಕ್ಕಳಿಗೆ. ಚರಕನ ಅಪಕರ್ಷಣವೂ ಲಾಖೀಷಿನ ದಂತವೂ ಹೇಳಿದ್ದನ್ನೇ ತಿರುಗಿ ಹೇಳಲು ಇಂಗ್ಲೆಂಡಿನ ವೈದ್ಯರು ಇಷ್ಟು ದೂರ ಬರಬೇಕಾಯಿತು. ಹೇನೋ ಸೀರೋ ಕಂಡಿತೆಂದು ಮಗುವನ್ನು ಶಾಲೆ ಬಿಡಿಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯೂ ಹೇಳುತ್ತ ಬಂದು, 2022ರಲ್ಲಿ ಅದನ್ನು ಇನ್ನೊಮ್ಮೆ ಒತ್ತಿ ಹೇಳಿತು.

ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಧಾರಾಳವಾಗಿ ಕೊಬ್ಬರಿಎಣ್ಣೆ ಹಚ್ಚಿ ಮೊದಲು ದೊಡ್ಡ ಹಣಿಗೆಯಿಂದ ಸಿಕ್ಕು ಬಿಡಿಸಿ. ಆಮೇಲೆ ಬುಡದಿಂದ ತುದಿಯವರೆಗೆ ಒಂದೊಂದೇ ಎಸಳಾಗಿ ಸೀರಣಿಗೆ ಎಳೆದು, ಪ್ರತಿ ಸಲವೂ ಬಿಳಿಯ ಬಟ್ಟೆಗೆ ಒರೆಸಿ ನೋಡಿ. ಮೂರು ನಾಲ್ಕು ದಿನಕ್ಕೊಮ್ಮೆಯಂತೆ ಎರಡು ವಾರ. ಒಡೆಯುವ ಸೀರಿನಿಂದ ಹೊರಬಂದ ಮರಿ ಮೊಟ್ಟೆಯಿಡುವಷ್ಟು ಬೆಳೆಯುವ ಮುಂಚೆ ಸಿಕ್ಕಿಬೀಳುತ್ತದೆ. ಬುಡದಿಂದ ಒಂದು ಅಂಗುಲ ದೂರ ಕಾಣುವ ಸೀರು ಒಡೆದ ಚಿಪ್ಪು. ಅದನ್ನು ನೋಡಿ ಮಗುವನ್ನು ಗದರಿಸಬೇಡಿ. ಮನೆಯಲ್ಲಿ ಎಷ್ಟು ತಲೆಗಳಿವೆಯೋ ಅಷ್ಟನ್ನೂ ನೋಡಬೇಕು, ಪತ್ರಿಕೆಯ ಹಿಂದೆ ಅಡಗಿರುವ ಯಜಮಾನರದ್ದನ್ನೂ ಸೇರಿಸಿ. ಪಕ್ಕದ ಮನೆಗೂ ಹೇಳಿ ಕಳಿಸಿ, ಇಲ್ಲವಾದರೆ ಶನಿವಾರ ತೆಗೆದದ್ದು ಸೋಮವಾರ ತಿರುಗಿ ಬರುತ್ತದೆ. ಸೀರಣಿಗೆಯನ್ನು ಕೊಳ್ಳುವಾಗ ಹಲ್ಲು ಬಾಗುವ ಪ್ಲಾಸ್ಟಿಕ್ಕಿನದು ಬೇಡ, ಲೋಹದ್ದನ್ನೇ ಕೇಳಿ. ಅಂಗಡಿಯವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿ.